ಅರ್ಧ ಇಂಚಿನ ನಲ್ಲಿ ಮತ್ತು ಕ್ಯಾರವಾನಿನ ಬಾಯಿ

ಬೆಂಗಳೂರಿನಿಂದ 44ನೇ ಹೆದ್ದಾರಿ ಹಿಡಿದು ಸುಮಾರು 1,100 ಕಿಲೋಮೀಟರ್ ಓಡಿದರೆ ನಾಗಪುರ. ಅಲ್ಲಿಂದ ನಾಗಝಿರಾ ಕಾಡಿಗೋ ರಾಯಪುರಕ್ಕೋ ಹೋಗುವವರು ಪೂರ್ವಕ್ಕೆ ತಿರುಗುತ್ತಾರೆ. ಭಂಡಾರಾ ಮುಟ್ಟುವ ಮೊದಲೇ ಸಿಗುವ ಊರು ಮೌದಾ. ಕನ್ಹಾನ್ ನದಿಯ ಸೀಮೆ, ಎನ್‌ಟಿಪಿಸಿಯ 2,320 ಮೆಗಾವಾಟಿನ ವಿದ್ಯುತ್ ಸ್ಥಾವರ ಇರುವ ಜಾಗ. ಟೆಂಪೊ ಟ್ರಾವೆಲರನ್ನು ಮನೆ ಮಾಡಿಕೊಂಡು ಹೊರಟ ಕುಟುಂಬಕ್ಕೆ ಟ್ಯಾಂಕು ಖಾಲಿಯಾಗುವುದು ಇಂಥ ಕಡೆಯೇ. ಹೆದ್ದಾರಿಯ ಧಾಬಾದವನು ನೀರು ಕೊಡಲು ಒಪ್ಪುತ್ತಾನೆ, ಮೂಲೆಯ ನಲ್ಲಿಯನ್ನೂ ತೋರಿಸುತ್ತಾನೆ. ಆಗ ಡಿಕ್ಕಿಯಿಂದ ಹೊರಬರುವ ಆಮದು ಫಿಟಿಂಗುಗಳ ಡಬ್ಬದಲ್ಲಿ ಒಂದೂ ಆ ನಲ್ಲಿಗೆ ಕೂರುವುದಿಲ್ಲ.

ಕೂರದಿರುವುದಕ್ಕೆ ಕಾರಣ ನಲ್ಲಿಯಲ್ಲ. ನಮ್ಮ ದೇಶದ ನೀರಿನ ಪೈಪುಗಳಿಗೆ ಇರುವುದು ಬ್ರಿಟಿಷರ ಕಾಲದ ಬಿಎಸ್‌ಪಿ ಥ್ರೆಡ್. ಅರ್ಧ ಇಂಚಿನದಕ್ಕೂ ಮುಕ್ಕಾಲು ಇಂಚಿನದಕ್ಕೂ ಇಂಚಿಗೆ 14 ಸುತ್ತು. ಅಮೆರಿಕದ ಕ್ಯಾರವಾನುಗಳ ನೀರಿನ ಬಾಯಿಗೆ ಇರುವುದು ಅಲ್ಲಿನ ತೋಟದ ಪೈಪಿನ ಥ್ರೆಡ್, ಇಂಚಿಗೆ ಹನ್ನೊಂದೂವರೆ ಸುತ್ತು. ಡಬ್ಬದ ಮೇಲೆ ಎರಡಕ್ಕೂ 'ಮುಕ್ಕಾಲು ಇಂಚು' ಎಂದೇ ಬರೆದಿರುತ್ತದೆ. ಒಂದು ಸುತ್ತು ಹಿಡಿದಂತೆ ಮಾಡಿ ಬಿಗಿದುಕೊಳ್ಳುತ್ತದೆ, ಆಮೇಲೆ ಎಷ್ಟು ಟೆಫ್ಲಾನ್ ಟೇಪು ಸುತ್ತಿದರೂ ಸೋರುತ್ತದೆ. ಟೇಪು ಅಳತೆಯ ತಪ್ಪನ್ನು ತಿದ್ದುವ ವಸ್ತುವಲ್ಲ. ಇನ್ನು ನಮ್ಮ 'ಅರ್ಧ ಇಂಚು' ಅನ್ನುವುದೂ ಅಳೆದರೆ ಎಲ್ಲೂ ಅರ್ಧ ಇಂಚಿಲ್ಲ. ಥ್ರೆಡ್ಡಿನ ಹೊರ ಅಳತೆ ಸುಮಾರು 21 ಮಿಲಿಮೀಟರ್. ಸ್ಕೇಲು ಹಿಡಿದು ಅಂಗಡಿಗೆ ಹೋದವರು ಮುಕ್ಕಾಲು ಇಂಚಿನದನ್ನು ತರುತ್ತಾರೆ. ಬಾಯಿಮಾತಲ್ಲಿ 'ಆಧಾ ಇಂಚ್' ಅಂದವರಿಗೆ ಮೌದಾದ ಹಾರ್ಡ್‌ವೇರ್ ಅಂಗಡಿಯಲ್ಲೂ ಹಾಸನದ ಅಂಗಡಿಯಲ್ಲೂ ಸರಿಯಾದದ್ದೇ ಸಿಗುತ್ತದೆ.

ಹಾಗಾಗಿ ನಲ್ಲಿಯ ಕಡೆಗೆ ಬೇಕಾದ್ದು ಸ್ವಲ್ಪವೇ. ಅರ್ಧ ಇಂಚಿನ ಹಿತ್ತಾಳೆ ಕಪ್ಲಿಂಗ್, ಅದರಿಂದ ಮುಕ್ಕಾಲು ಇಂಚಿಗೆ ಹೋಗುವ ಒಂದು ರೆಡ್ಯೂಸರ್, ನಾಲ್ಕೈದು ರಬ್ಬರ್ ವಾಷರ್, ಸ್ಕ್ರೂ ಇರುವ ಎರಡು ಕ್ಲಿಪ್. ಥ್ರೆಡ್ಡೇ ಇಲ್ಲದ ನಲ್ಲಿಗಳೂ ಬೇಕಾದಷ್ಟಿವೆ; ಅವಕ್ಕೆ ರಬ್ಬರಿನ ತೋಳಿನಂಥ ಕನೆಕ್ಟರ್ ಹಾಕಿ ಕ್ಲಿಪ್ಪು ಬಿಗಿದರೆ ಸಾಕು. ಪ್ಲಾಸ್ಟಿಕ್ಕಿನ ಕ್ಲಿಕ್ ಕನೆಕ್ಟರುಗಳು ಚೆನ್ನಾಗಿಯೇ ಕೆಲಸ ಮಾಡುತ್ತವೆ, ಆದರೆ ಮೇ ತಿಂಗಳಲ್ಲಿ 45 ಡಿಗ್ರಿ ದಾಟುವ ವಿದರ್ಭದ ಬಿಸಿಲಲ್ಲಿ ಅವುಗಳ ಆಯುಷ್ಯವನ್ನು ನಂಬಬಾರದು.

ಫಿಟಿಂಗು ಹುಡುಕುವವರು ಯೋಚಿಸದೇ ಬಿಡುವುದು ಇನ್ನೊಂದು ತುದಿಯನ್ನು. ಯೂರೋಪಿನ ಕ್ಯಾಂಪುಗಳಲ್ಲಿ ಕ್ಯಾರವಾನಿನ ಪಕ್ಕೆಯ ಬಾಯಿಗೆ ನೇರವಾಗಿ ನಲ್ಲಿಯನ್ನೇ ಜೋಡಿಸುತ್ತಾರೆ. ಟ್ಯಾಂಕು, ಪಂಪು ಎರಡೂ ಬೇಡ. ದಿನವಿಡೀ ಒತ್ತಡವಿರುವ ಪೈಪಿಗೆ ಹುಟ್ಟಿದ ಏರ್ಪಾಡು ಅದು. ನಮ್ಮ ಬಹುತೇಕ ಊರುಗಳಲ್ಲಿ ನೀರು ಬಿಡುವುದು ಗಂಟೆ ಲೆಕ್ಕದಲ್ಲಿ. ಮೇಲ್ತೊಟ್ಟಿಯಿಂದ ಬರುವ ನೀರಿಗಾದರೆ 10 ಮೀಟರ್ ಎತ್ತರಕ್ಕೆ ಒಂದು ಬಾರ್ ಒತ್ತಡ ಮಾತ್ರ. ಧಾಬಾದ ಮಾಳಿಗೆಯ ಕಪ್ಪು ಟ್ಯಾಂಕಿನಿಂದ ಅದರ ಅರ್ಧವೂ ಬರುವುದಿಲ್ಲ. ಅದನ್ನು ನಂಬಿ ಷವರ್ ತಿರುಗಿಸಿದರೆ ಹನಿ ಬೀಳುತ್ತದೆ. ಬೂಸ್ಟರ್ ಪಂಪಿರುವ ಹೋಟೆಲಿನಲ್ಲಿ ಇದಕ್ಕೆ ಉಲ್ಟಾ: ಒತ್ತಡ ತಗ್ಗಿಸುವ ವಾಲ್ವು ಇಲ್ಲದಿದ್ದರೆ ವಾಹನದೊಳಗಿನ ಸಣ್ಣ ಪೈಪುಗಳ ಜೋಡಣೆ ಕಳಚಬಹುದು.

ಅದಕ್ಕಿಂತ ದೊಡ್ಡ ವಿಷಯ ಊರಿನ ನೀರಿನದು. ಹೋಸಿನ ತುದಿ ಕ್ಯಾರವಾನಿನ ಟ್ಯಾಂಕಿನೊಳಗೆ ಮುಳುಗಿದೆ ಎಂದುಕೊಳ್ಳಿ. ಅಷ್ಟರಲ್ಲಿ ಬೀದಿಯ ಸರಬರಾಜು ನಿಂತಿತು. ನೆಲದಡಿಯ ಪೈಪು ಖಾಲಿಯಾಗುತ್ತಾ ಎಳೆದುಕೊಳ್ಳತೊಡಗುತ್ತದೆ, ತಗ್ಗಿನ ಮನೆಯವರು ನಲ್ಲಿ ತಿರುಗಿಸುತ್ತಾರೆ. ಕ್ಯಾರವಾನಿನ ಟ್ಯಾಂಕು ಪೈಪಿಗಿಂತ ಎತ್ತರದಲ್ಲಿದೆ. ನಾಲ್ಕು ದಿನದಿಂದ ಅಲ್ಲಿ ಬಿಸಿಲಿಗೆ ಕುದಿಯುತ್ತಿದ್ದ ನೀರು ಹೋಸಿನಲ್ಲಿ ಹಿಂದಕ್ಕೆ ಹರಿದು ಯಾರದೋ ಮನೆಯ ಬಿಂದಿಗೆ ಸೇರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಕೇಳುವುದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್. ದಿನಗಟ್ಟಲೆ ಬಿಸಿಲಲ್ಲಿ ನಿಂತ ಟ್ಯಾಂಕಿನಲ್ಲಿ ಅಷ್ಟು ಉಳಿದಿರುತ್ತದೆ ಎಂದು ನಂಬುವ ಹಾಗಿಲ್ಲ.

ಇದಕ್ಕೆ ಎನ್‌ಆರ್‌ವಿ ಇದೆಯಲ್ಲ ಎನ್ನಬಹುದು. ಇದೆ, ಹಾಕಲೇಬೇಕು. ಆದರೆ ಅದರ ಸ್ಪ್ರಿಂಗಿಗೆ ಒಂದು ಮರಳಿನ ಕಣ ಸಿಕ್ಕಿಕೊಂಡರೆ ಬಾಗಿಲು ತೆರೆದೇ ಇರುತ್ತದೆ, ಹೊರಗಿನಿಂದ ಗೊತ್ತೂ ಆಗುವುದಿಲ್ಲ. ಕೆಡದ ಉಪಾಯ ಎಂದರೆ ಅಂತರ ಬಿಡುವುದು: ಹೋಸನ್ನು ಟ್ಯಾಂಕಿನ ಬಾಯಿಗೆ ಬಿಗಿಯದೆ, ನೀರು ತುಂಬಿ ಹೊರಚೆಲ್ಲುವ ಮಟ್ಟಕ್ಕಿಂತ ಎರಡು ಮೂರು ಇಂಚು ಮೇಲೆ ಹಿಡಿದು ಬಿಡುವುದು. ಗಾಳಿಯನ್ನು ದಾಟಿ ನೀರು ಹಿಂದಕ್ಕೆ ಹೋಗಲಾರದು. ಅಂದರೆ ಇಲ್ಲಿ ಕ್ಯಾರವಾನಿನ ಬಾಯಿಗೆ ಅತ್ಯುತ್ತಮ ಫಿಟಿಂಗು ಎಂದರೆ ಫಿಟಿಂಗು ಹಾಕದಿರುವುದು. ಇಪ್ಪತ್ತು ನಿಮಿಷ ಹೋಸು ಹಿಡಿದು ನಿಲ್ಲುವುದು ಬೇಸರದ ಕೆಲಸ, ನಿಜ. ಊರಿನವರ ನೀರು ಕೇಳಿ ಪಡೆದವರಿಗೆ ಅಷ್ಟು ಬೇಸರ ಹೆಚ್ಚಲ್ಲ.

ಕೇರಳ ಮತ್ತು ಮಹಾರಾಷ್ಟ್ರ ಎರಡೂ 2021ರಲ್ಲಿ ಕ್ಯಾರವಾನ್ ಪ್ರವಾಸದ ನೀತಿ ತಂದವು. ಕ್ಯಾರವಾನ್ ಪಾರ್ಕ್ ಕಟ್ಟುವವರು ಮೊದಲು ಮಾಡಬೇಕಾದ್ದು ಥ್ರೆಡ್ ಇರುವ ಅರ್ಧ ಇಂಚಿನ ನಲ್ಲಿಯನ್ನು ನೆಲದಿಂದ ಮೊಣಕಾಲೆತ್ತರಕ್ಕಿಂತ ಮೇಲೆ, ಎನ್‌ಆರ್‌ವಿ ಸಮೇತ ಕೂರಿಸುವುದು. ಶೌಚದ ಪೆಟ್ಟಿಗೆ ತೊಳೆಯಲು ಬೇರೆಯದೇ ನಲ್ಲಿ, ಬೇರೆಯದೇ ಬಣ್ಣದ ಹೋಸು, ಎರಡಕ್ಕೂ ನಡುವೆ ಒಂದಷ್ಟು ದೂರ. ಈಗ ಹಲವು ಕಡೆ ಒಂದೇ ನಲ್ಲಿ, ಒಂದೇ ಹೋಸು; ಬೆಳಿಗ್ಗೆ ಪೆಟ್ಟಿಗೆ ತೊಳೆದದ್ದೇ ಸಂಜೆ ಕುಡಿಯುವ ಟ್ಯಾಂಕಿಗೆ ಇಳಿಯುತ್ತದೆ.

ಹೋಸಿನ ಮಾತು ಒಂದಿದೆ. ತೋಟಕ್ಕೆ ನೀರು ಬಿಡುವ ಅಗ್ಗದ ಹಸಿರು ಪೈಪು ಬಿಸಿಲಲ್ಲಿ ಕಾದರೆ ನೀರಿಗೆ ಪ್ಲಾಸ್ಟಿಕ್ಕಿನ ರುಚಿ ಬರುತ್ತದೆ. ಆಹಾರಕ್ಕೆ ಬಳಸುವ ದರ್ಜೆಯ ಹೋಸನ್ನೇ ಕೊಳ್ಳಬೇಕು, ಮೊದಲ ಒಂದು ನಿಮಿಷದ ನೀರನ್ನು ಧಾಬಾದ ಗಿಡಕ್ಕೆ ಬಿಡಬೇಕು. ಕೆಲಸ ಮುಗಿದ ಮೇಲೆ ಪೂರ್ತಿ ಬಸಿದು, ಸುರುಳಿ ಸುತ್ತಿ, ಎರಡು ತುದಿಗಳನ್ನೂ ಒಂದಕ್ಕೊಂದು ಜೋಡಿಸಿಟ್ಟರೆ ಒಳಗೆ ಇರುವೆಯೂ ಹೋಗುವುದಿಲ್ಲ.