ಕಾಲೂರಲು ತಳವಿಲ್ಲದ ಆಟ
ಕಳೆದ ಭಾನುವಾರ ಕಪಾಟು ಒರೆಸಲು ಹೋದವನ ಕೈಗೆ ಜೆಫ್ ಹಾಬ್ಸ್ ಬರೆದ ರಾಬರ್ಟ್ ಪೀಸ್‌ನ ಜೀವನಕಥೆ ಮತ್ತೆ ಸಿಕ್ಕಿತು; ಧೂಳು ಅಲ್ಲೇ ಉಳಿಯಿತು. ಅಮೆರಿಕದ ನ್ಯೂವಾರ್ಕ್ ಮಗ್ಗುಲಿನ ಬಡ ಓಣಿಯ ಹುಡುಗ, ಆಸ್ಪತ್ರೆಯ ಅಡುಗೆಮನೆಯಲ್ಲಿ ದುಡಿದ ಅಮ್ಮ, ಕೊಲೆ ಪ್ರಕರಣದಲ್ಲಿ ಜೈಲು ಸೇರಿದ ಅಪ್ಪ. ಹುಡುಗ ಯೇಲ್ ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರ ಓದಿ 2002ರಲ್ಲಿ ಪದವಿ ಪಡೆದ, ಅಲ್ಲೇ ಗಾಂಜಾವನ್ನೂ ಮಾರಿದ. ‘ಅಷ್ಟು ಓದಿಯೂ ಬುದ್ಧಿ ಬರಲಿಲ್ಲವಲ್ಲ ಮಾರಾಯರೆ’ ಎಂದು ನನ್ನ ಗೆಳೆಯರೊಬ್ಬರು ಷರಾ ಬರೆದೇಬಿಟ್ಟರು. ನನಗೇಕೋ ಅವನು ಆಡುತ್ತಿದ್ದ ವಾಟರ್ ಪೋಲೊ ನೆನಪಾಯಿತು. ಆ ಆಟದಲ್ಲಿ ಗೋಲ್‌ಕೀಪರ್ ಬಿಟ್ಟರೆ ಯಾರೂ ಕೊಳದ ತಳಕ್ಕೆ ಕಾಲೂರುವಂತಿಲ್ಲ. ಮೇಲೆ ಕಾಣುವುದು ಚೆಂಡು ಹಿಡಿದ ಕೈ, ನೀರೊಳಗೆ ಕಾಲುಗಳಿಗೆ ಒಂದು ಗಳಿಗೆಯೂ ಬಿಡುವಿಲ್ಲ. ಅವನ ದಿನಗಳೂ ಹಾಗೇ: ಪ್ರಯೋಗಾಲಯದಲ್ಲಿ ಒಂದು ಮಾತು, ಓಣಿಯ ಮೂಲೆಯಲ್ಲಿ ಇನ್ನೊಂದು, ನಡುವೆ ಅಪ್ಪನನ್ನು ಬಿಡಿಸಲು ಕಾನೂನು ಕಡತಗಳು. ಓಣಿ ಬಿಟ್ಟಿದ್ದರೆ ಬದುಕುತ್ತಿದ್ದ ಅನ್ನುತ್ತೇವೆ. ಬಿಡುವುದೆಂದರೆ ಯಾರನ್ನು? ಅಲ್ಲಿ ಇದ್ದದ್ದು ಬರೀ ಪುಂಡರಲ್ಲ, ಅಮ್ಮನೂ ಇದ್ದಳು; ಅವನು ಓದಿದ ಸೇಂಟ್ ಬೆನೆಡಿಕ್ಟ್ಸ್ ಶಾಲೆಯೂ ಅಲ್ಲೇ ಹತ್ತಿರದಲ್ಲಿತ್ತು. ಪದವಿಯ ನಂತರ ಅಲ್ಲಿಗೇ ಮರಳಿ ಕೆಲವು ವರ್ಷ ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದ, ವಾಟರ್ ಪೋಲೊ ತರಬೇತಿಯನ್ನೂ ಕೊಟ್ಟ. (ಇದನ್ನು ನನ್ನ ಗೆಳೆಯರು ಲೆಕ್ಕಕ್ಕೆ ಹಿಡಿದಿರಲಿಲ್ಲ.) 2011ರ ಮೇ ತಿಂಗಳಲ್ಲಿ ನ್ಯೂವಾರ್ಕ್‌ನ ಮನೆಯೊಂದರ ನೆಲಮಾಳಿಗೆಯಲ್ಲಿ ಅವನಿಗೆ ಗುಂಡು ಬಿತ್ತು. ವಯಸ್ಸು 30. ಯೇಲ್‌ನಲ್ಲಿ ಕಲಿತ ರಸಾಯನಶಾಸ್ತ್ರ ಅಲ್ಲಿ ಗಾಂಜಾ ಹದ ಮಾಡುವುದಕ್ಕೆ ಬಳಕೆಯಾಗುತ್ತಿತ್ತು.