ಹಳೆಯದೇ ಠೇವಣಿ

ಮಕ್ಕಳೇ, ಇವತ್ತು ನಿಮ್ಮ ತಾತನನ್ನು ‘ಇಂಪಾಲಾ ಗೊತ್ತಾ?’ ಎಂದು ಕೇಳಿ ನೋಡಿ. ಹಳೆಯ ಸಿನಿಮಾಗಳಲ್ಲಿ ಸಾಹುಕಾರರು ಇಳಿಯುತ್ತಿದ್ದ ಆ ಉದ್ದನೆಯ ಅಮೆರಿಕನ್ ಕಾರು ನೆನಪಾಗಿ ಅವರ ಮುಖ ಅರಳಿದರೆ ಆಶ್ಚರ್ಯವಿಲ್ಲ.

1966ರ ಷೆವ್ರೊಲೆ ಇಂಪಾಲಾದ ತೂಕ ಒಂದೂವರೆ ಟನ್ನಿಗೂ ಹೆಚ್ಚು. ನಿಂತಿರುವಾಗ ಅದರ ಮುಂದಿನ ಚಕ್ರ ತಿರುಗಿಸಬೇಕಾದರೆ ರಟ್ಟೆಯಲ್ಲಿ ಬಲ ಬೇಕು. ಆ ಕಷ್ಟ ತಪ್ಪಿಸಲೆಂದೇ ಪವರ್ ಸ್ಟೇರಿಂಗ್ ಬಂತು. ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ 1926ರಲ್ಲೇ ಅದನ್ನು ಕಾರಿಗೆ ಜೋಡಿಸಿ ತೋರಿಸಿದ್ದರು. ಜನ ಕೊಳ್ಳುವ ಕಾರಿಗೆ ಅದು ಬಂದದ್ದು ಮಾತ್ರ 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ.

ಇಂಪಾಲಾದಂಥ ಕಾರಿನಲ್ಲಿ ಈ ಕೆಲಸ ಮಾಡುವುದು ಒಂದು ಕಬ್ಬಿಣದ ಪೆಟ್ಟಿಗೆ. ಎಂಜಿನ್ನಿನ ಬೆಲ್ಟು ಒಂದು ಪಂಪನ್ನು ತಿರುಗಿಸುತ್ತದೆ. ಪಂಪು ಎಣ್ಣೆಯನ್ನು ಒತ್ತಡದಿಂದ ಪೆಟ್ಟಿಗೆಗೆ ಕಳಿಸುತ್ತದೆ. ನಾವು ಸ್ಟೇರಿಂಗ್ ತಿರುಗಿಸಿದ ಕಡೆಗೆ ಒಳಗಿನ ವಾಲ್ವ್ ಎಣ್ಣೆಗೆ ದಾರಿ ಬಿಡುತ್ತದೆ; ಎಣ್ಣೆ ಪಿಸ್ಟನ್ನನ್ನು ತಳ್ಳುತ್ತದೆ. ತಿರುಗಿಸುವವರು ನಾವು, ದುಡಿಯುವುದು ಎಣ್ಣೆ.

ಅರವತ್ತು ವರ್ಷವಾದ ಮೇಲೆ ಸೀಲುಗಳು ಒಣಗಿ ಎಣ್ಣೆ ಸೋರುತ್ತದೆ. ಒಳಗಿನ ಹಲ್ಲು ಸವೆದು ಸ್ಟೇರಿಂಗ್ ಸಡಿಲವಾಗುತ್ತದೆ. ಆಗ ಬದಲಿ ಪೆಟ್ಟಿಗೆ ಎಲ್ಲಿ ಹುಡುಕುವುದು? ಅಮೆರಿಕದಲ್ಲಿ ಇದಕ್ಕೆ ಮೂರು ದಾರಿ. ಗುಜರಿಯಲ್ಲಿ ಅಂಥದೇ ಕಾರಿನದನ್ನು ಬಿಚ್ಚಿ ತರುವುದು. ರಿಪೇರಿ ಮಾಡಿಟ್ಟ ಪೆಟ್ಟಿಗೆಯನ್ನು ಅಂಗಡಿಯಿಂದ ಕೊಳ್ಳುವುದು. ಇಲ್ಲವೇ ನಮ್ಮದನ್ನೇ ಕಳಿಸಿ ರಿಪೇರಿ ಮಾಡಿಸುವುದು.

ಎರಡನೆಯ ದಾರಿಯಲ್ಲಿ ನನ್ನಂಥ ನಿವೃತ್ತ ಗುಮಾಸ್ತನಿಗೆ ಇಷ್ಟವಾಗುವ ಪದ್ಧತಿಯೊಂದಿದೆ. ಅಂಗಡಿಯವರು ಬೆಲೆಯ ಜೊತೆಗೆ ಒಂದಿಷ್ಟು ಹಣವನ್ನು ಠೇವಣಿಯಾಗಿ ಹಿಡಿಯುತ್ತಾರೆ. ನಿಮ್ಮ ಹಾಳಾದ ಪೆಟ್ಟಿಗೆಯನ್ನು ತಂದೊಪ್ಪಿಸಿದರೆ ಅದು ವಾಪಸ್ಸು. ಏಕೆಂದರೆ ಆ ಹಳೆಯ ಕಬ್ಬಿಣದ ಕವಚವಿಲ್ಲದೆ ಮುಂದಿನ ಗಿರಾಕಿಗೆ ಪೆಟ್ಟಿಗೆ ತಯಾರಾಗದು. ಸೋರುತ್ತಿದೆ ಎಂದು ಎಸೆದವರು ಠೇವಣಿಯನ್ನೂ ಎಸೆದಂತೆ.

ಹಳೆಯದನ್ನು ಇಟ್ಟುಕೊಳ್ಳಲು ಇನ್ನೂ ದೊಡ್ಡ ಕಾರಣವಿದೆ. ಬ್ಯಾಂಕಿನಲ್ಲಿ ಚೆಕ್ಕಿನ ಸಹಿಯನ್ನು ನಮ್ಮಲ್ಲಿರುವ ಮಾದರಿ ಸಹಿಗೆ ಹೋಲಿಸಿ ನೋಡದೆ ಹಣ ಕೊಡುವಂತಿಲ್ಲ. ಇಲ್ಲಿ ಹಳೆಯ ಪೆಟ್ಟಿಗೆಯೇ ಮಾದರಿ ಸಹಿ. ಬೋಲ್ಟಿನ ತೂತುಗಳು ಕೂಡಿದರೆ ಸಾಲದು. ಶಾಫ್ಟಿನ ಹಲ್ಲುಗಳನ್ನು ಎಣಿಸಬೇಕು. ಎಣ್ಣೆ ಕೊಳವೆಯ ಮರೆ ನೋಡಬೇಕು. ಹಳೆಯವು ಇಂಚಿನ ಲೆಕ್ಕದವು, ಮುಂದೆ ಬಂದವು ಮಿಲಿಮೀಟರಿನವು. ಒಂದು ತುದಿಯಿಂದ ಇನ್ನೊಂದಕ್ಕೆ ಎಷ್ಟು ಸುತ್ತು ಎಂಬುದೂ ಮುಖ್ಯ. ಕೆಲವಕ್ಕೆ ನಾಲ್ಕು ಸುತ್ತು ಬೇಕು, ಕೆಲವಕ್ಕೆ ಮೂರಕ್ಕಿಂತಲೂ ಕಡಿಮೆ.

ಎಲ್ಲಕ್ಕಿಂತ ಮುಖ್ಯ, ತಿರುಗುವ ದಿಕ್ಕು. ಚಕ್ರಗಳನ್ನು ಎಳೆಯುವ ಸರಳು ಕೆಲವು ಕಾರುಗಳಲ್ಲಿ ಅಚ್ಚಿನ ಹಿಂದೆ ಇರುತ್ತದೆ, ಕೆಲವದರಲ್ಲಿ ಮುಂದೆ. ಒಂದರ ಪೆಟ್ಟಿಗೆ ಇನ್ನೊಂದಕ್ಕೆ ಕೂತೂ ಬಿಡಬಹುದು. ಆದರೆ ಜೋಡಣೆ ಹೊಂದದಿದ್ದರೆ ಬಲಕ್ಕೆ ತಿರುಗಿಸಿದಾಗ ಕಾರು ಎಡಕ್ಕೆ ಹೋದೀತು! ಗ್ಯಾರೇಜಿನಲ್ಲಿ ಕಂಡರೆ ನಗು, ರಸ್ತೆಯಲ್ಲಿ ಕಂಡರೆ ಪ್ರಾಣಾಪಾಯ.

ಮತ್ತೊಂದು ಎಚ್ಚರಿಕೆ. ಪೆಟ್ಟಿಗೆಯ ಮೇಲೆ ಸಡಿಲ ತೆಗೆಯುವ ಸ್ಕ್ರೂ ಒಂದಿರುತ್ತದೆ. ಅದನ್ನು ಬಿಗಿ ಮಾಡಿದರೆ ಎಲ್ಲ ಸರಿಹೋಯಿತು ಎಂದುಕೊಳ್ಳುವವರಿದ್ದಾರೆ. ಅತಿಯಾಗಿ ಬಿಗಿದರೆ ಹಲ್ಲುಗಳು ಬೇಗ ಸವೆಯುತ್ತವೆ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಬ್ರೇಕು, ಸ್ಟೇರಿಂಗ್ ಇವೆರಡರಲ್ಲಿ ಅಂದಾಜಿನ ಕೆಲಸ ಬೇಡ. ಬಲ್ಲ ಮೆಕ್ಯಾನಿಕ್‌ನ ಕೈಗೇ ಕೊಡಬೇಕು.

ಈ ವಾರದ ಮನೆಗೆಲಸ: ಮನೆಯ ಕಾರು ಸಮತಟ್ಟಾದ ಜಾಗದಲ್ಲಿ ನಿಂತಿರುವಾಗ, ದೊಡ್ಡವರು ಹ್ಯಾಂಡ್ ಬ್ರೇಕ್ ಹಾಕಿ ಡ್ರೈವರ್ ಸೀಟಿನಲ್ಲಿ ಕೂತು, ಎಂಜಿನ್ ಚಾಲೂ ಮಾಡಿ ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸಲಿ. ನೀವು ಪಕ್ಕದ ಸೀಟಿನಲ್ಲಿ ಕೂತು ಸುತ್ತುಗಳನ್ನು ಎಣಿಸಿ ಬರೆದಿಡಿ. ಈಗಿನ ಬಹಳಷ್ಟು ಕಾರುಗಳಲ್ಲಿ ಎಣ್ಣೆಯ ಬದಲು ವಿದ್ಯುತ್ ಮೋಟರು ದುಡಿಯುತ್ತದೆ. ನಿಮ್ಮ ಕಾರಿನಲ್ಲಿ ಯಾವುದಿದೆ ಎಂದೂ ಕೇಳಿ ತಿಳಿದುಕೊಳ್ಳಿ.