ಮುಖಕ್ಕೆ ಮಸಿ

ದಸರಾ ರಜೆಗೆ ಬೆಂಗಳೂರಿನಿಂದ ಬಂದ ನಮ್ಮ ಭಾಯಿ ಲ್ಯಾಪ್‌ಟಾಪ್‌ನಲ್ಲಿ ಒಂದು ಸಿನಿಮಾ ತಂದಿದ್ದ. ಹೆಸರು ‘ಡಿಯರ್ ವೈಟ್ ಪೀಪಲ್’, ಅಂದರೆ ಪ್ರಿಯ ಬಿಳಿಯರೇ. ಯಾರೋ ಯಾರಿಗೋ ಪತ್ರ ಬರೆಯುವ ಕಥೆ ಇರಬೇಕು ಎಂದುಕೊಂಡು ಕೂತೆ. ಅವರ ಇಂಗ್ಲಿಷ್ ಬಹಳ ವೇಗ, ಕೆಳಗೆ ಬರುವ ಅಕ್ಷರ ಓದಲು ಹತ್ತು ಸಲ ನಿಲ್ಲಿಸಿದೆ. ಭಾಯಿ ಬೇಸತ್ತು ಎದ್ದು ಹೋದ. ನಾನು ಪೂರ್ತಿ ನೋಡಿದೆ, ಮರುದಿನ ಇನ್ನೊಮ್ಮೆ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ಇದು ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡುವ ಸಿನಿಮಾ ಅಲ್ಲ. ಬೈಗುಳ ಇದೆ, ಕಣ್ಣು ತಗ್ಗಿಸಬೇಕಾದ ದೃಶ್ಯಗಳಿವೆ. ಆದರೂ ಇದರ ಬಗ್ಗೆ ನಮ್ಮ ಕಾಲೇಜಿನಲ್ಲಿ ಮಾತಾಡಬೇಕು ಅನ್ನಿಸಿದ್ದರಿಂದ ಬರೆಯುತ್ತಿದ್ದೇನೆ.

2014ರಲ್ಲಿ ಬಂದ ಈ ಚಿತ್ರ ಜಸ್ಟಿನ್ ಸಿಮಿಯನ್ ಎಂಬ ಕಪ್ಪು ನಿರ್ದೇಶಕನ ಮೊದಲ ಚಿತ್ರ. ದುಡ್ಡಿಲ್ಲದೆ ಅವರು ಮೊದಲು ಒಂದು ಸಣ್ಣ ಟ್ರೈಲರ್ ಮಾಡಿ, ಅದನ್ನು ಅಂತರ್ಜಾಲದಲ್ಲಿ ಹಾಕಿ, ಜನರಿಂದ ಚಂದಾ ಎತ್ತಿದ್ದರು. ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಅವರಿಗೆ ಹೊಸ ಪ್ರತಿಭೆಯ ವಿಶೇಷ ಪ್ರಶಸ್ತಿ ಬಂತು. ಕಥೆ ನಡೆಯುವುದು ವಿಂಚೆಸ್ಟರ್ ಎಂಬ ದೊಡ್ಡ, ಹಳೆಯ, ಶ್ರೀಮಂತ ವಿಶ್ವವಿದ್ಯಾಲಯದಲ್ಲಿ. ಆ ವಿಶ್ವವಿದ್ಯಾಲಯ ಕಲ್ಪಿತ. ಅಲ್ಲಿ ಹೆಚ್ಚಿನವರು ಬಿಳಿಯರು, ಕಪ್ಪು ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು. ಅವರೆಲ್ಲ ಸೇರುವ ಒಂದು ಹಾಸ್ಟೆಲ್ ಇದೆ, ಆರ್ಮ್‌ಸ್ಟ್ರಾಂಗ್-ಪಾರ್ಕರ್ ಹೌಸ್. ಇನ್ನು ಮುಂದೆ ಯಾರು ಯಾವ ಹಾಸ್ಟೆಲ್‌ಗೆ ಹೋಗಬೇಕೆಂದು ಚೀಟಿ ಎತ್ತಿದ ಹಾಗೆ ಹಂಚುತ್ತೇವೆ ಎಂದು ಆಡಳಿತ ನಿಯಮ ತಂದಿದೆ. ಮೇಲ್ನೋಟಕ್ಕೆ ಸಮಾನತೆಯ ನಿಯಮ. ಒಳಗೆ ನೋಡಿದರೆ, ಕಪ್ಪು ಹುಡುಗರು ಒಟ್ಟಿಗೆ ಕೂತು ಊಟ ಮಾಡಲು ಇದ್ದ ಒಂದೇ ಜಾಗವೂ ಹೋಗುತ್ತದೆ.

ಸ್ಯಾಮ್ ವೈಟ್ ಎಂಬ ಹುಡುಗಿ ಕ್ಯಾಂಪಸ್ ರೇಡಿಯೋದಲ್ಲಿ ಕಾರ್ಯಕ್ರಮ ನಡೆಸುತ್ತಾಳೆ. ಸಿನಿಮಾಕ್ಕೆ ಹೆಸರು ಬಂದದ್ದು ಅದರಿಂದಲೇ. ಪ್ರಿಯ ಬಿಳಿಯರೇ, ಜನಾಂಗ ದ್ವೇಷಿ ಎನಿಸಿಕೊಳ್ಳದಿರಲು ಬೇಕಾದ ಕಪ್ಪು ಗೆಳೆಯರ ಸಂಖ್ಯೆ ಇಂದಿನಿಂದ ಎರಡಕ್ಕೆ ಏರಿದೆ, ಎನ್ನುತ್ತಾಳೆ. ನಮ್ಮ ಕೂದಲಿಗೆ ಕೈ ಹಾಕಬೇಡಿ, ಇದೇನು ಮೃಗಾಲಯವೇ, ಎನ್ನುತ್ತಾಳೆ. ನಾನು ಬಿದ್ದು ಬಿದ್ದು ನಕ್ಕೆ. ವಿಶ್ವವಿದ್ಯಾಲಯದ ಅಧ್ಯಕ್ಷರು ಮಾತ್ರ, ಅಮೆರಿಕದಲ್ಲಿ ಜನಾಂಗ ಭೇದ ಮುಗಿದ ಕಥೆ ಎಂದು ತಮ್ಮ ಡೀನ್‌ಗೆ ಹೇಳುತ್ತಾರೆ. ಡೀನ್ ಕಪ್ಪು ಮನುಷ್ಯ. ಅವರ ಮುಖ ನೋಡಬೇಕು ಆಗ.

ಇಷ್ಟು ಕೇಳಿದವರು ಇದು ಬಿಳಿಯರನ್ನು ಬೈಯುವ ಸಿನಿಮಾ ಅಂದುಕೊಳ್ಳುತ್ತಾರೆ. ಅಮೆರಿಕದಲ್ಲೂ ಅನೇಕರು ಹಾಗೇ ಅಂದುಕೊಂಡರು. 2017ರಲ್ಲಿ ನೆಟ್‌ಫ್ಲಿಕ್ಸ್ ಇದನ್ನು ಧಾರಾವಾಹಿ ಮಾಡಿ ಒಂದು ಸಣ್ಣ ತುಣುಕು ಬಿಟ್ಟಾಗ, ನೋಡುವ ಮೊದಲೇ ಜನ ಚಂದಾ ರದ್ದು ಮಾಡುತ್ತೇವೆಂದು ಗಲಾಟೆ ಎಬ್ಬಿಸಿದರು. ನನಗೆ ಕಂಡ ಸಿನಿಮಾ ಬೇರೆ. ಬಿಳಿಯರನ್ನು ಗೇಲಿ ಮಾಡುವುದು ಇದರಲ್ಲಿ ಹಗುರಾದ ಭಾಗ. ಭಾರವಾದ ಭಾಗ ಯಾವುದೆಂದರೆ, ಕಡಿಮೆ ಸಂಖ್ಯೆಯಲ್ಲಿರುವವರಲ್ಲಿ ಒಬ್ಬೊಬ್ಬರೂ ಇಡೀ ಜನಾಂಗದ ಪರವಾಗಿ ನಿಲ್ಲಬೇಕಾಗುವುದು. ಹೊರಗಿನವರಿಗೆ ಒಂದು ಮುಖ ತೋರಿಸಬೇಕು, ತಮ್ಮವರಿಗೆ ಇನ್ನೊಂದು.

ಸ್ಯಾಮ್‌ಳನ್ನೇ ನೋಡಿ. ಅವಳ ತಂದೆ ಬಿಳಿಯ, ಕಾಯಿಲೆ ಬಿದ್ದಿದ್ದಾರೆ. ಅದನ್ನು ಅವಳು ಯಾರಿಗೂ ಹೇಳುವುದಿಲ್ಲ. ಅವಳು ಪ್ರೀತಿಸುವ ಹುಡುಗ ಬಿಳಿಯ, ಅದೂ ಗುಟ್ಟು. ಅವಳಿಗೆ ನಿಜವಾಗಿ ಇಷ್ಟವಾದ ನಿರ್ದೇಶಕ ಸ್ವೀಡನ್ನಿನ ಬರ್ಗ್‌ಮನ್, ಆದರೆ ಕೇಳಿದವರಿಗೆ ಸ್ಪೈಕ್ ಲೀ ಎನ್ನುತ್ತಾಳೆ. ಸಣ್ಣ ಸುಳ್ಳು. ಆದರೆ ಹೋರಾಟದ ಮುಂದಾಳು ಅನ್ನಿಸಿಕೊಂಡ ಮೇಲೆ ತನಗೆ ಇಷ್ಟವಾದ ಸಿನಿಮಾ ಯಾವುದೆಂದು ಹೇಳುವ ಸ್ವಾತಂತ್ರ್ಯವೂ ಅವಳಿಗಿಲ್ಲ.

ನನಗೆ ಎಲ್ಲರಿಗಿಂತ ಹತ್ತಿರದವನಾಗಿ ಕಂಡವನು ಲಯನೆಲ್. ಮೆತ್ತಗಿನ ಹುಡುಗ, ತಲೆ ತುಂಬ ದಟ್ಟ ಗುಂಗುರು ಕೂದಲು. ಬಿಳಿ ಹುಡುಗರ ಹಾಸ್ಟೆಲ್‌ನಲ್ಲಿ ಅವನನ್ನು ಗೋಳು ಹೊಯ್ದುಕೊಳ್ಳುತ್ತಾರೆ. ಕಪ್ಪು ಹುಡುಗರ ನಡುವೆ ಹೋದರೆ ಅಲ್ಲೂ ಅವನು ಸಲ್ಲುವುದಿಲ್ಲ. ಅವನ ಹಾಡು ಬೇರೆ, ಮಾತು ಬೇರೆ, ಸ್ವಭಾವ ಬೇರೆ. ಇಂಥವನನ್ನು ಕಾಲೇಜು ಪತ್ರಿಕೆಯವರು ಕರೆದು, ನಮ್ಮ ಕ್ಯಾಂಪಸ್ಸಿನ ಕಪ್ಪು ವಿದ್ಯಾರ್ಥಿಗಳ ಬದುಕಿನ ಬಗ್ಗೆ ಬರೆದುಕೊಡು ಎನ್ನುತ್ತಾರೆ. ಅವನಿಗೆ ಅದರ ಬಗ್ಗೆ ಗೊತ್ತಿರುವುದು ಅಷ್ಟಕ್ಕಷ್ಟೆ. ಆದರೆ ಮೈಬಣ್ಣ ಇದೆಯಲ್ಲ, ಅದೇ ಅರ್ಹತೆ.

ಈ ದೃಶ್ಯಕ್ಕೆ ನಾನು ನಗಲಿಲ್ಲ. ಕಳೆದ ವರ್ಷ ಅಂತರಕಾಲೇಜು ಚರ್ಚಾಸ್ಪರ್ಧೆಗೆ ಹೋಗಿದ್ದೆ. ವಿಷಯ ಪ್ಲಾಸ್ಟಿಕ್ ನಿಷೇಧ. ಎರಡು ವಾರ ಓದಿಕೊಂಡು ಹೋಗಿದ್ದೆ, ಎರಡನೇ ಬಹುಮಾನವೂ ಬಂತು. ಊಟದ ಹೊತ್ತಿಗೆ ಪಕ್ಕದಲ್ಲಿ ಕೂತವರು ಒಬ್ಬರಾದ ಮೇಲೊಬ್ಬರು ಕೇಳಿದ್ದು ‘ನಿಮ್ಮವರಲ್ಲಿ ಹಾಗಂತೆ, ಹೌದಾ?’ ‘ನಿಮ್ಮವರು ಇದಕ್ಕೆ ಏನಂತಾರೆ?’ ಕೇಳಿದವರು ಕೆಟ್ಟವರಲ್ಲ, ತಮ್ಮ ಡಬ್ಬಿಯ ಹೋಳಿಗೆಯನ್ನೂ ಹಾಕಿದರು. ಆದರೆ ಪ್ಲಾಸ್ಟಿಕ್ಕಿನ ಬಗ್ಗೆ ಒಬ್ಬರೂ ಕೇಳಲಿಲ್ಲ. ನಮ್ಮವರೆಲ್ಲ ಏನನ್ನುತ್ತಾರೆಂದು ನನಗೆ ಹೇಗೆ ಗೊತ್ತಿರಬೇಕು? ನಮ್ಮ ಮನೆಯಲ್ಲಿ ಅಬ್ಬ ಒಂದಂದರೆ ಅಮ್ಮಿ ಇನ್ನೊಂದನ್ನುತ್ತಾರೆ.

ಮುಖ್ಯ ಘಟನೆಗೆ ಬರುತ್ತೇನೆ. ಅಧ್ಯಕ್ಷರ ಮಗ ಕರ್ಟ್ ನಡೆಸುವ ಹಾಸ್ಯಪತ್ರಿಕೆಯ ಹೆಸರಿನಲ್ಲಿ ಹ್ಯಾಲೋವೀನ್ ಹಬ್ಬಕ್ಕೆ ಒಂದು ಪಾರ್ಟಿಯ ಆಮಂತ್ರಣ ಹೋಗುತ್ತದೆ. ಎಲ್ಲರೂ ಕಪ್ಪು ಜನರ ವೇಷದಲ್ಲಿ ಬರಬೇಕು. ಬಿಳಿ ಹುಡುಗರು ಮುಖಕ್ಕೆ ಕಪ್ಪು ಬಳಿದು, ಬಂಗಾರದ ಬಣ್ಣದ ಸರ ನೇತುಹಾಕಿಕೊಂಡು, ಆಟಿಕೆ ಬಂದೂಕು ಹಿಡಿದು ಬರುತ್ತಾರೆ. ಕೋಕೋ ಎಂಬ ಕಪ್ಪು ಹುಡುಗಿ ಹೊಂಬಣ್ಣದ ಟೋಪನ್ ಹಾಕಿಕೊಂಡು ಅದೇ ಪಾರ್ಟಿಯಲ್ಲಿ ಕೂತಿರುತ್ತಾಳೆ. ಅವಳಿಗೆ ಟಿವಿಯ ರಿಯಾಲಿಟಿ ಶೋದಲ್ಲಿ ಹೆಸರು ಮಾಡಬೇಕು, ಅದಕ್ಕೆ ಯಾರ ಮುಖವಾದರೂ ಸರಿ.

ಬಣ್ಣ ಬಳಿದರೆ ಏನಾಯಿತು, ವೇಷ ತಾನೇ ಎನ್ನಬಹುದು. ಅಲ್ಲಿ ಆ ಕಪ್ಪು ಬಣ್ಣಕ್ಕೆ ಒಂದು ಚರಿತ್ರೆ ಇದೆ. 1830ರ ಸುಮಾರಿಗೆ ಥಾಮಸ್ ರೈಸ್ ಎಂಬ ಬಿಳಿಯ ನಟ ಮುಖಕ್ಕೆ ಕಪ್ಪು ಬಳಿದುಕೊಂಡು ‘ಜಿಮ್ ಕ್ರೋ’ ಎಂಬ ಪೆದ್ದ ಗುಲಾಮನಾಗಿ ಕುಣಿದು ಜನರನ್ನು ನಗಿಸಿದ. ಅದೇ ಒಂದು ದೊಡ್ಡ ವ್ಯಾಪಾರವಾಯಿತು. ಗುಲಾಮಗಿರಿ ಹೋದ ಮೇಲೆ ದಕ್ಷಿಣದ ರಾಜ್ಯಗಳು ಕಪ್ಪು ಜನರಿಗೆ ಬೇರೆ ಶಾಲೆ, ಬೇರೆ ನಲ್ಲಿ, ಬಸ್ಸಿನಲ್ಲಿ ಹಿಂದಿನ ಸೀಟು ಎಂದು ಕಾನೂನು ಮಾಡಿದವಲ್ಲ, ಅವುಗಳಿಗೆ ಬಂದ ಹೆಸರು ‘ಜಿಮ್ ಕ್ರೋ ಕಾನೂನು’. ನಗಿಸಲು ಹುಟ್ಟಿದ ಪಾತ್ರದ ಹೆಸರು ಕಾನೂನಿಗೆ ಬಂತು. 1915ರ ‘ದ ಬರ್ತ್ ಆಫ್ ಎ ನೇಷನ್’ ಚಿತ್ರದಲ್ಲಿ ಕಪ್ಪು ಬಳಿದುಕೊಂಡ ಬಿಳಿಯ ನಟರೇ ಅತ್ಯಾಚಾರಿ ಕಪ್ಪು ಜನರಾಗಿ ಬರುತ್ತಾರೆ, ಅವರನ್ನು ಬೇಟೆಯಾಡುವ ಕು ಕ್ಲುಕ್ಸ್ ಕ್ಲಾನ್ ಅದರಲ್ಲಿ ನಾಯಕರು. ಸ್ಯಾಮ್ ತನ್ನ ಸಿನಿಮಾ ತರಗತಿಗೆ ಇದನ್ನೇ ತಿರುವುಮುರುವು ಮಾಡಿ, ಮುಖಕ್ಕೆ ಬಿಳಿ ಬಳಿದ ಪಾತ್ರಗಳ ಕಿರುಚಿತ್ರ ತೋರಿಸುತ್ತಾಳೆ. ತರಗತಿಗೆ ಅದು ರುಚಿಸುವುದಿಲ್ಲ.

ಕೊನೆಗೆ ಒಂದು ಗುಟ್ಟು ಬಯಲಾಗುತ್ತದೆ. ಸಿನಿಮಾ ನೋಡುವವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಆ ಪಾರ್ಟಿಯ ಆಮಂತ್ರಣ ಕಳಿಸಿದ್ದು ಸ್ಯಾಮ್! ಪತ್ರಿಕೆಯವರ ಖಾತೆಗೆ ನುಗ್ಗಿ, ಇವರ ನಿಜ ಬಣ್ಣ ಹೊರಬರಲಿ ಎಂದು ಹಾಗೆ ಮಾಡಿರುತ್ತಾಳೆ. ಭಾಯಿ ಇದಕ್ಕೆ ಚಪ್ಪಾಳೆ ತಟ್ಟಿದ. ಆಮಂತ್ರಣ ಯಾರದಾದರೇನು, ಬಣ್ಣ ಬಳಿದುಕೊಂಡು ಬಂದದ್ದು ಅವರೇ ತಾನೇ, ಎಂದ. ಅದು ನಿಜ. ಆದರೂ ನನಗೆ ಒಪ್ಪಿಗೆಯಾಗಲಿಲ್ಲ. ಇನ್ನೊಬ್ಬರ ಹೆಸರಿನಲ್ಲಿ ಬಂದ ಒಂದು ಸುಳ್ಳು ಮೆಸೇಜು ಒಂದು ಊರಿಗೆ ಏನು ಮಾಡಬಲ್ಲದು ಎಂದು ನಾವು ಮೊಬೈಲಿನಲ್ಲಿ ನೋಡುತ್ತಲೇ ಇದ್ದೇವೆ. ನಾಳೆ ಅದೇ ವಿದ್ಯೆಯನ್ನು ಕರ್ಟ್ ಕಲಿತರೆ, ಬಡಿಸಿಕೊಳ್ಳುವವರು ಕಡಿಮೆ ಇರುವವರೇ. ಸಿನಿಮಾ ಈ ಪ್ರಶ್ನೆಯ ಹತ್ತಿರ ಬಂದು, ಬೇಗ ದಾಟಿ ಹೋಗುತ್ತದೆ. ಅದು ಇದರ ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ. ಪಾರ್ಟಿಯನ್ನು ನಿಲ್ಲಿಸಿದ್ದು ಸ್ಯಾಮ್‌ಳ ಉಪಾಯ ಅಲ್ಲ. ಎಲ್ಲೂ ಸಲ್ಲದ ಲಯನೆಲ್ ಹೋಗಿ ಕಪ್ಪು ವಿದ್ಯಾರ್ಥಿಗಳನ್ನು ಕರೆತಂದದ್ದು.

ಇಂಥ ಪಾರ್ಟಿ ಎಲ್ಲಾದರೂ ನಡೆಯುತ್ತದೆಯೇ ಎನ್ನುವವರಿಗೆ ಸಿನಿಮಾ ಕೊನೆಯಲ್ಲಿ ಹೆಸರುಗಳ ಜೊತೆ ನಿಜವಾದ ಫೋಟೋಗಳನ್ನು ತೋರಿಸುತ್ತದೆ. ಅಮೆರಿಕದ ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿ ನಡೆದ ಪಾರ್ಟಿಗಳು. 2010ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕ್ಯಾಂಪಸ್ಸಿನ ವಿದ್ಯಾರ್ಥಿಗಳು ‘ಕಾಂಪ್ಟನ್ ಕುಕೌಟ್’ ಎಂಬ ಪಾರ್ಟಿ ಮಾಡಿದರು. ಅಲ್ಲಿ ಅದು ಕಪ್ಪು ಜನರ ಇತಿಹಾಸವನ್ನು ನೆನೆಯುವ ತಿಂಗಳು. ಆ ಕ್ಯಾಂಪಸ್ಸಿನಲ್ಲಿ ಕಪ್ಪು ವಿದ್ಯಾರ್ಥಿಗಳು ನೂರಕ್ಕೆ ಇಬ್ಬರೂ ಇರಲಿಲ್ಲ. ಕೆಲವೇ ದಿನಗಳಲ್ಲಿ ಗ್ರಂಥಾಲಯದಲ್ಲಿ ನೇಣಿನ ಕುಣಿಕೆ ನೇತಾಡುತ್ತಿತ್ತು. ಆಗ ವರ್ಜೀನಿಯಾದ ಗವರ್ನರ್ ಆಗಿದ್ದ ರಾಲ್ಫ್ ನಾರ್ಥಮ್ ಅವರದು ಇನ್ನೊಂದು ಕಥೆ. 1984ರ ಅವರ ವೈದ್ಯಕೀಯ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ, ಅವರ ಪುಟದಲ್ಲೇ, ಮುಖಕ್ಕೆ ಕಪ್ಪು ಬಳಿದ ಒಬ್ಬ ಮತ್ತು ಕ್ಲಾನ್ ಮುಸುಕಿನ ಇನ್ನೊಬ್ಬ ನಿಂತ ಫೋಟೋ 2019ರಲ್ಲಿ ಹೊರಬಿತ್ತು. ಮೊದಲ ದಿನ ಕ್ಷಮೆ ಕೇಳಿದರು, ಮರುದಿನ ಅದರಲ್ಲಿರುವುದು ನಾನಲ್ಲ ಎಂದರು. ಕಾಲೇಜು ಸಂಚಿಕೆ ಎಂದು ಹಗುರವಾಗಿ ನೋಡಬೇಡಿ, ಮೂವತ್ತೈದು ವರ್ಷ ಬಿಟ್ಟು ಯಾರಾದರೂ ತೆಗೆದು ನೋಡಬಹುದು!

ಕನ್ನಡದಲ್ಲಿ ‘ಮುಖಕ್ಕೆ ಮಸಿ ಬಳಿಯುವುದು’ ಎಂದರೆ ಮಾನ ತೆಗೆಯುವುದು. ನಾನೂ ಬಳಿದುಕೊಂಡಿದ್ದೇನೆ. ಐದನೇ ತರಗತಿಯಲ್ಲಿದ್ದಾಗ ಶಾಲೆಯ ವಾರ್ಷಿಕೋತ್ಸವಕ್ಕೆ ನಮ್ಮದು ‘ಕಾಡುಜನರ ಕುಣಿತ’. ಇದ್ದಿಲ ಪುಡಿಗೆ ಕೊಬ್ಬರಿ ಎಣ್ಣೆ ಕಲಸಿ ಮುಖಕ್ಕೆ, ತೋಳಿಗೆ ಹಚ್ಚಿದರು. ಸೊಂಟಕ್ಕೆ ಮಾವಿನ ಸೊಪ್ಪು, ಕೈಯಲ್ಲಿ ಕೋಲು. ಅರ್ಥವಿಲ್ಲದ ಕೂಗು ಹಾಕುತ್ತ ಸುತ್ತು ತಿರುಗಿದೆವು. ಜನ ಎದ್ದು ಚಪ್ಪಾಳೆ ತಟ್ಟಿದರು, ನಮಗೆ ಸ್ಟೀಲ್ ಡಬ್ಬಿ ಬಹುಮಾನ ಬಂತು. ಆ ಡಬ್ಬಿಯಲ್ಲಿ ಅಮ್ಮಿ ಇಂದಿಗೂ ಜೀರಿಗೆ ಹಾಕಿಡುತ್ತಾರೆ. ಆ ಸಭೆಯಲ್ಲಿ ಸಿದ್ದಿ ಮಕ್ಕಳು ಇದ್ದರೇ? ನೋಡಿದ ನೆನಪಿಲ್ಲ, ನೋಡಬೇಕೆಂದೂ ಹೊಳೆದಿರಲಿಲ್ಲ.

ನಮ್ಮ ಜಿಲ್ಲೆಯವರಿಗೆ ಸಿದ್ದಿಗಳ ಬಗ್ಗೆ ಹೇಳಬೇಕಾಗಿಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ಕಡೆ ಇದ್ದಾರೆ. ಆಫ್ರಿಕಾದಿಂದ ಬಂದವರ ಸಂತತಿ, ಅವರಲ್ಲಿ ಅನೇಕರ ಹಿರಿಯರನ್ನು ಪೋರ್ಚುಗೀಸರು ಗುಲಾಮರಾಗಿ ತಂದಿದ್ದರು. ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ನನ್ನ ಬೆಂಚಿನ ಗೆಳತಿ ಹಳಿಯಾಳದ ಕಡೆಯ ಸಿದ್ದಿ ಹುಡುಗಿ. ಕಾಲೇಜಿಗೆ ಬಂದ ಮೊದಲ ದಿನ ಅವಳನ್ನು ಇಂಗ್ಲಿಷಿನಲ್ಲಿ ‘ಯಾವ ದೇಶ?’ ಎಂದು ಕೇಳಿದವರಲ್ಲಿ ನಾನೂ ಒಬ್ಬಳು. ಅವಳು ಉರ್ದುವಿನಲ್ಲಿ ಉತ್ತರ ಕೊಟ್ಟಾಗ ನನ್ನ ಮುಖ ಇಷ್ಟಾಯಿತು. ಕೂದಲು ಮುಟ್ಟಿ ನೋಡಿದವರ ಲೆಕ್ಕ ಅವಳ ಹತ್ತಿರ ಇದೆ. ಕ್ರೀಡಾಕೂಟದ ಪಟ್ಟಿಯಲ್ಲಿ ಅವಳನ್ನು ಕೇಳದೆ ನೂರು ಮೀಟರ್ ಓಟಕ್ಕೆ ಹೆಸರು ಬರೆದಿದ್ದರು. ಸಿದ್ದಿಗಳೆಂದರೆ ಓಡುತ್ತಾರೆ ಎಂಬ ಈ ಲೆಕ್ಕ ಹಳೆಯದು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವೇ ಸಿದ್ದಿ ಮಕ್ಕಳನ್ನು ಅಥ್ಲೆಟಿಕ್ಸ್‌ಗೆಂದು ಆರಿಸಿಕೊಂಡು ತರಬೇತಿ ಕೊಟ್ಟಿತ್ತು. ಒಳ್ಳೆಯ ಓಟಗಾರರು ಬಂದರು. ಕೆಲವು ವರ್ಷಗಳಲ್ಲಿ ಯೋಜನೆ ನಿಂತೂ ಹೋಯಿತು. ನನ್ನ ಗೆಳತಿಗೆ ಓಟ ಬರುವುದಿಲ್ಲ. ಅಕೌಂಟೆನ್ಸಿ ಬರುತ್ತದೆ, ನಮ್ಮ ತರಗತಿಗೇ ಮೊದಲು.

ಇದು ಬರೀ ಮನಸ್ಸು ನೋಯಿಸುವ ವಿಷಯವೂ ಅಲ್ಲ. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೊರಭಾಗದಲ್ಲಿ ಸುಡಾನಿನವನೊಬ್ಬನ ಕಾರು ಬಡಿದು ಒಬ್ಬ ಮಹಿಳೆ ಸತ್ತರು. ಆಮೇಲೆ ಆ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಹೊಡೆಯಿತು, ಅವಳಿದ್ದ ಕಾರಿಗೆ ಬೆಂಕಿ ಇಟ್ಟಿತು. ಸುಡಾನ್ ಎಲ್ಲಿ, ತಾಂಜಾನಿಯಾ ಎಲ್ಲಿ? ಇಬ್ಬರಿಗೂ ಇದ್ದ ನಂಟು ಮೈಬಣ್ಣ ಒಂದೇ.

ನಮ್ಮ ವೇದಿಕೆಗಳಲ್ಲಿ ಹಜ್ರತ್ ಬಿಲಾಲ್ (ರ.ಅ.) ಅವರ ಅಜಾನಿನ ಬಗ್ಗೆ ಹೇಳದ ಭಾಷಣವಿಲ್ಲ. ಬಿಳಿಯನಿಗೆ ಕರಿಯನ ಮೇಲೆ ಯಾವ ಹೆಚ್ಚಳವೂ ಇಲ್ಲ ಎಂಬ ಮಾತಿಗೆ ನಾನೇ ಸೀರತ್ ಸ್ಪರ್ಧೆಯಲ್ಲಿ ಬಹುಮಾನ ತಂದಿದ್ದೇನೆ. ಅದೇ ಸಂಜೆ ಹಾಸ್ಟೆಲಿನಲ್ಲಿ ಫೇರ್‌ನೆಸ್ ಕ್ರೀಮಿಗೆ ದುಡ್ಡು ಕೂಡಿಸಿದವಳೂ ನಾನೇ.

ಗೆಳತಿಗೆ ಸಿನಿಮಾದ ತುಣುಕುಗಳನ್ನು ಒಂದು ಭಾನುವಾರ ನಮ್ಮ ಮನೆಯಲ್ಲಿ ತೋರಿಸಿದೆ. ಕೂದಲಿನ ಮಾತನ್ನು ಮೂರು ಸಲ ಹಾಕಿಸಿಕೊಂಡು ನಕ್ಕಳು. ಲಯನೆಲ್ ಬಂದಾಗ ಸುಮ್ಮನಾದಳು. ಪಾರ್ಟಿಯ ದೃಶ್ಯಕ್ಕೆ ‘ಸಾಕು, ನಿಲ್ಲಿಸು’ ಎಂದಳು.

ಈ ವರ್ಷದ ವಾರ್ಷಿಕೋತ್ಸವದ ಪಟ್ಟಿ ನೋಟಿಸ್ ಬೋರ್ಡಿಗೆ ಬಂದಿದೆ. ಏಳನೆಯದು ‘ಆದಿವಾಸಿ ನೃತ್ಯ’, ಪ್ರಥಮ ಪಿಯುಸಿಯವರದು. ಅಭ್ಯಾಸ ನೋಡಿ ಬಂದೆ. ಅದೇ ಕೂಗು, ಅದೇ ಕೋಲು, ಬಣ್ಣದ ಡಬ್ಬಿ ತರಿಸಿದ್ದಾರಂತೆ. ಆ ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ, ನಾನು ಯಾವ ಬಾಯಲ್ಲಿ ಸಿಟ್ಟಾಗಲಿ? ಕುಣಿಯಲಿ, ಆದರೆ ಬಣ್ಣ ಬಳಿಯುವುದು ಮತ್ತು ಆ ಕೂಗು ಬೇಡ ಎಂದು ಸಾಂಸ್ಕೃತಿಕ ಸಮಿತಿಯ ಮೇಡಂ ಅವರಿಗೆ ಬರೆದುಕೊಟ್ಟಿದ್ದೇನೆ. ಓದುವವರಲ್ಲಿ ಒಪ್ಪುವವರಿದ್ದರೆ ಬಂದು ಸಹಿ ಹಾಕಿ, ಕಾಗದ ಗ್ರಂಥಾಲಯದ ಮೇಜಿನ ಮೇಲಿದೆ. ಮೇಡಂ ಸಮಾಧಾನದಿಂದ ಓದಿದರು. ಹಾಗಾದರೆ ನಿನ್ನ ಗೆಳತಿಯೇ ಅವರ ಡಮಾಮಿ ಕುಣಿತ ಮಾಡಲಿ, ಅದು ಅಸಲಿ ಆಗುತ್ತದೆ, ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಹೋಗಿ ಗೆಳತಿಯನ್ನು ಕೇಳಿದೆ.

‘ನಂಗೆ ಡಮಾಮಿ ಬರಲ್ಲ ಮಾರಾಯ್ತಿ. ನಿರೂಪಣೆ ಕೊಡೋದಾದ್ರೆ ಕೊಡ್ಲಿ, ಮೈಕ್ ಹಿಡಿದು ಮಾತಾಡೋಕೆ ಬರುತ್ತೆ’ ಅಂದಳು.